ಊರಿಗೆ ಸಿಕ್ಕ ದೊರೆಯ ಗುರಾಣಿ

ಜರ್ಮನಿಗೆ ಪ್ಯಾಕೇಜ್ ಟೂರ್ ಹೋಗಿ ಬಂದವರ ಫೋನಿನಲ್ಲಿ ನೊಯ್‌ಶ್ವಾನ್‌ಸ್ಟೈನ್ ಕೋಟೆಯ ಫೋಟೊ ಇಲ್ಲದಿರುವುದು ಅಪರೂಪ. ಬಂಡೆಯ ನೆತ್ತಿಯಲ್ಲಿ ಬಿಳಿ ಅರಮನೆ, ಬೆನ್ನಿಗೆ ಆಲ್ಪ್ಸ್ ಪರ್ವತ, ಕೆಳಗೆ ಸರೋವರ. ಡಿಸ್ನಿಯವರ ಸಿಂಡ್ರೆಲಾ, ಸ್ಲೀಪಿಂಗ್ ಬ್ಯೂಟಿ ಕೋಟೆಗಳಿಗೆ ಇದೂ ಒಂದು ಪ್ರೇರಣೆ. ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ಒಳಗೆ ಹೋಗುತ್ತಾರೆ. 2025ರ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಇಷ್ಟೆಲ್ಲ ಹೆಸರಿರುವ ಕೋಟೆ ಯಾವ ಊರಿನ ಸರಹದ್ದಿನಲ್ಲಿದೆ ಎಂದು ಕೇಳಿದರೆ ಮಾತ್ರ ನೋಡಿ ಬಂದವರೂ ತಡವರಿಸುತ್ತಾರೆ. ಊರಿನ ಹೆಸರು ಶ್ವಾಂಗೌ. ಮೂರು ಸಾವಿರ ಚಿಲ್ಲರೆ ಜನ. ತಲೆಮಾರುಗಳ ಕಾಲ ಹಸು ಸಾಕಿ, ಹುಲ್ಲು ಕೊಯ್ದು ಬದುಕಿದ ಹಳ್ಳಿ ಈಗ ಬಹುಪಾಲು ಪ್ರವಾಸಿಗರನ್ನು ನಂಬಿದೆ. ಆ ಹಳ್ಳಿಗೆ ತನ್ನದೇ ಆದ ಒಂದು ಲಾಂಛನವಿದೆ: ಕೆಂಪು ಗುರಾಣಿಯ ಮೇಲೆ ಒಂದು ಬಿಳಿ ಹಂಸ.

ಹಂಸ ಯಾಕೆ ಎನ್ನುವುದಕ್ಕೆ ಸುಲಭದ ಉತ್ತರ ಊರಿನ ಹೆಸರಿನಲ್ಲೇ ಇದೆ. ನಮ್ಮ ಕಿವಿಗೆ ನಾಯಿಯ ನೆನಪು ಬಂದರೂ ಅವರ ಮಾತಿನಲ್ಲಿ ಶ್ವಾನ್ ಎಂದರೆ ಹಂಸ. ಆದರೆ ಆ ಹಂಸವನ್ನು ಗುರಾಣಿಗೆ ಏರಿಸಿದವರು ಊರಿನವರಲ್ಲ. 1090ರ ದಾಖಲೆಯೊಂದರಲ್ಲಿ ಇಲ್ಲಿನ ಕೋಟೆಯ ಉಲ್ಲೇಖ ಬರುತ್ತದೆ. ಅಲ್ಲಿ ನೆಲೆಸಿದ್ದ ಶ್ವಾಂಗೌ ಮನೆತನದ ಒಡೆಯರು ಮೊದಲು ವೆಲ್ಫ್ ವಂಶದವರಿಗೆ, ಆಮೇಲೆ ಹೋಹೆನ್‌ಸ್ಟೌಫೆನ್ ಚಕ್ರವರ್ತಿಗಳಿಗೆ ಸೇವೆ ಮಾಡಿಕೊಂಡಿದ್ದ ಸರದಾರರು. ಹಂಸ ಅವರ ಮನೆಯ ಗುರುತು.

ಅವರಲ್ಲಿ ಹಿಲ್ಟ್‌ಬೋಲ್ಟ್ ಎಂಬಾತ 13ನೇ ಶತಮಾನದ ಮೊದಲರ್ಧದಲ್ಲಿದ್ದ ಕವಿ. ಪ್ರೇಮಗೀತೆಗಳನ್ನು ಕಟ್ಟಿ ಹಾಡುತ್ತಿದ್ದ. ಅವನ ಚಿತ್ರವನ್ನು ಇವತ್ತಿಗೂ ನೋಡಬಹುದು. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೋಡೆಕ್ಸ್ ಮನೆಸ್ಸೆ ಎಂಬ ಹಸ್ತಪ್ರತಿ ಇದೆ. ಸುಮಾರು 1300ರಿಂದ 1340ರ ನಡುವೆ ಜ್ಯೂರಿಕ್‌ನಲ್ಲಿ ಸಿದ್ಧವಾದದ್ದು. ಆ ಕಾಲದ ಜರ್ಮನ್ ಕವಿಗಳ ಹಾಡುಗಳ ಜೊತೆಗೆ 137 ಪುಟದಗಲದ ಚಿತ್ರಗಳಿವೆ. ಕವಿಗಳನ್ನು ಜೋಡಿಸಿರುವುದು ಕಾವ್ಯದ ಯೋಗ್ಯತೆ ನೋಡಿ ಅಲ್ಲ, ಅಂತಸ್ತು ನೋಡಿ: ಮೊದಲು ಚಕ್ರವರ್ತಿ, ಆಮೇಲೆ ರಾಜರು, ಡ್ಯೂಕರು, ಅವರ ಕೆಳಗೆ ಸರದಾರರು. ಬಹುತೇಕ ಎಲ್ಲರ ಪಕ್ಕದಲ್ಲೂ ಅವರವರ ಗುರಾಣಿ, ಶಿರಸ್ತ್ರಾಣ. ಹಿಲ್ಟ್‌ಬೋಲ್ಟ್‌ನ ಪುಟದಲ್ಲಿ ಅವನು ಪೂರ್ತಿ ಕವಚ ತೊಟ್ಟುಕೊಂಡೇ ಇಬ್ಬರು ಹೆಂಗಸರ ನಡುವೆ ಕುಣಿಯುತ್ತಿದ್ದಾನೆ. ಗುರಾಣಿಯಲ್ಲಿ ಹಂಸ, ಮೇಲಂಗಿಯ ಮೇಲೂ ಹಂಸ. ಮುಖ ಯಾರದ್ದಾದರೂ ಆಗಬಹುದಿತ್ತು. ಆಳು ಯಾರೆಂದು ಹೇಳುವುದು ಹಂಸವೇ.

1536ರ ಹೊತ್ತಿಗೆ ಮನೆತನ ಅಳಿಯಿತು. ಕೋಟೆಗಳು ಕೈಬದಲಾದವು, ಪಾಳುಬಿದ್ದವು. ಮುನ್ನೂರು ವರ್ಷಗಳ ನಂತರ, 1832ರಲ್ಲಿ, ಬವೇರಿಯಾದ ಯುವರಾಜ ಮ್ಯಾಕ್ಸಿಮಿಲಿಯನ್ ಅಲ್ಲಿನ ಒಂದು ಪಾಳುಕೋಟೆಯನ್ನು ಕೊಂಡು, ಹೋಹೆನ್‌ಶ್ವಾಂಗೌ ಎಂಬ ಬೇಸಿಗೆ ಅರಮನೆ ಕಟ್ಟಿಸಿ, ಗೋಡೆಗಳ ಮೇಲೆ ಹಂಸದ ದೋಣಿಯಲ್ಲಿ ಬರುವ ಹಂಸವೀರನ ಕಥೆಯನ್ನು ಬರೆಯಿಸಿದ. ಆ ಗೋಡೆಗಳನ್ನು ನೋಡುತ್ತಲೇ ಬೆಳೆದ ಮಗ ಲುಡ್ವಿಗ್ ಹದಿನೈದನೇ ವಯಸ್ಸಿನಲ್ಲಿ, 1861ರಲ್ಲಿ, ವಾಗ್ನರ್‌ನ ‘ಲೋಹೆನ್‌ಗ್ರಿನ್’ ಸಂಗೀತ ನಾಟಕ ನೋಡಿದ. ಅದರಲ್ಲಿಯೂ ನಾಯಕ ಬರುವುದು ಹಂಸ ಎಳೆಯುವ ದೋಣಿಯಲ್ಲಿ. ಹುಡುಗನ ತಲೆ ಪೂರ್ತಿ ಕೆಟ್ಟಿತು ಎನ್ನಬಹುದು. ದೊರೆಯಾದ ಮೇಲೆ 1869ರಲ್ಲಿ ಎದುರಿನ ಬಂಡೆಯ ಮೇಲೆ ಹೊಸ ಕೋಟೆಗೆ ಅಡಿಗಲ್ಲು ಹಾಕಿಸಿ, ಬಾಗಿಲ ಹಿಡಿ, ಪರದೆಗಳಿಂದ ಹಿಡಿದು ಪಿಂಗಾಣಿ ಹೂದಾನಿಯವರೆಗೆ ಹಂಸಗಳನ್ನು ತುಂಬಿಸಿದ. 1886ರಲ್ಲಿ ಅವನು ಸತ್ತ ಕೆಲವೇ ವಾರಗಳಲ್ಲಿ ಕೋಟೆಯನ್ನು ಜನರಿಗೆ ತೆರೆದರು. ನೊಯ್‌ಶ್ವಾನ್‌ಸ್ಟೈನ್ ಎಂಬ ಹೆಸರು ಬಂದದ್ದೂ ಅವನ ಕಾಲಾನಂತರವೇ.

ಇಲ್ಲಿಗೆ ಹಂಸ ಮೂವರ ಕೈ ದಾಟಿತು: ಸರದಾರ, ಯುವರಾಜ, ದೊರೆ. ಕೊನೆಗೆ ಅದು ಸೇರಿದ್ದು ಊರಿನ ಲಾಂಛನಕ್ಕೆ. ಯಾರ ಕೋಟೆಗೆ ಊರಿನವರು ಸೌದೆ ಹೊತ್ತರೋ, ಯಾರ ಕಣಜಕ್ಕೆ ಕಾಳು ಅಳೆದರೋ ಅವರ ಗುರುತನ್ನೇ ಇವತ್ತು ಊರು ತನ್ನದೆಂದು ಹೆಮ್ಮೆಯಿಂದ ಗೋಡೆಗೆ ಹಾಕಿಕೊಂಡಿದೆ. ಇದು ಶ್ವಾಂಗೌ ಒಂದರ ಕಥೆಯಲ್ಲ. ಜರ್ಮನಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಊರಾಡಳಿತಗಳಿವೆ. ಐನೂರು ಜನರಿರುವ ಹಳ್ಳಿಗೂ ಸಾಮಾನ್ಯವಾಗಿ ಒಂದು ಲಾಂಛನ ಇರುತ್ತದೆ. ನೋಡಿದರೆ ಎಂಟುನೂರು ವರ್ಷ ಹಳೆಯದೆನ್ನಿಸುತ್ತದೆ. ಹಳ್ಳಿಗಳ ಮಟ್ಟಿಗೆ ಹೇಳುವುದಾದರೆ ಬಹುಪಾಲು ಲಾಂಛನಗಳಿಗೆ ನೂರು ವರ್ಷವೂ ಆಗಿಲ್ಲ. ಹಳೆಯದಾಗಿ ಕಾಣುವಂತೆ ಹೊಸದಾಗಿ ಮಾಡಿದ ವಸ್ತುಗಳು ಇವು. ಅಲ್ಲಿಯೇ ಇವುಗಳ ಸ್ವಾರಸ್ಯವೂ ಇರುವುದು.

ಮುಖ ಕಾಣದ ಕಾಳಗ

ಗುರಾಣಿಗೆ ಖಾಯಂ ಗುರುತು ಬಳಿಯುವ ಪದ್ಧತಿ ಪಶ್ಚಿಮ ಯುರೋಪಿನಲ್ಲಿ ಶುರುವಾದದ್ದು 12ನೇ ಶತಮಾನದಲ್ಲಿ. ಶಿರಸ್ತ್ರಾಣ ಮುಖವನ್ನು ಮುಚ್ಚತೊಡಗಿತ್ತು. ಯುದ್ಧವಿರಲಿ, ಕುದುರೆಯ ಮೇಲೆ ಈಟಿ ಹಿಡಿದು ಆಡುವ ಪಂದ್ಯವಿರಲಿ, ಧೂಳಿನಲ್ಲಿ ಯಾರು ಯಾರೆಂದು ತಿಳಿಯಬೇಕಿತ್ತು. ಅಪ್ಪನ ಗುರುತನ್ನು ಮಗ ಹೊತ್ತಾಗ ಅದು ಕುಲದ ಆಸ್ತಿಯಾಯಿತು. ಪಂದ್ಯಗಳಲ್ಲಿ ಬಂದವರ ಬಿರುದು ಕೂಗಿ ಹೇಳುವ ಹೊಗಳುಭಟರೇ ಮುಂದೆ ಈ ಗುರುತುಗಳ ಲೆಕ್ಕ ಇಡುವ ಪಂಡಿತರಾದರು.

ದೂರದಿಂದ ಕಾಣಬೇಕೆಂಬ ಒಂದೇ ಅಗತ್ಯದಿಂದ ಹುಟ್ಟಿದ ನಿಯಮಗಳು ಈಗಲೂ ಜಾರಿಯಲ್ಲಿವೆ. ಚಿನ್ನ, ಬೆಳ್ಳಿ ಎರಡು ಲೋಹಗಳು. ಬಳಿಯುವಾಗ ಹಳದಿ, ಬಿಳಿ. ಕೆಂಪು, ನೀಲಿ, ಕಪ್ಪು, ಹಸಿರು ಬಣ್ಣಗಳು. ಬಣ್ಣದ ಮೇಲೆ ಬಣ್ಣ ಕೂರಬಾರದು, ಲೋಹದ ಮೇಲೆ ಲೋಹ ಕೂರಬಾರದು. ಕೆಂಪಿನ ಮೇಲೆ ಬಿಳಿ ಹಂಸ ಸರಿ. ಕೆಂಪಿನ ಮೇಲೆ ನೀಲಿ ಹಂಸವನ್ನು ಯಾವ ಪಂಡಿತನೂ ಒಪ್ಪುವುದಿಲ್ಲ. ಎಡ ಬಲಗಳನ್ನು ಹೇಳುವುದು ನೋಡುವವನ ಕಡೆಯಿಂದಲ್ಲ, ಗುರಾಣಿಯ ಹಿಂದೆ ನಿಂತು ಹಿಡಿದವನ ಕಡೆಯಿಂದ. ಬಣ್ಣದ ಮುದ್ರಣವಿಲ್ಲದ ಕಾಲದಲ್ಲಿ ಗೆರೆಗಳಲ್ಲೇ ಬಣ್ಣ ಸೂಚಿಸುವ ಲಿಪಿಯೂ ಬಂತು: ಉದ್ದ ಗೆರೆ ಕೆಂಪು, ಅಡ್ಡ ಗೆರೆ ನೀಲಿ, ಚುಕ್ಕಿ ಚಿನ್ನ, ಖಾಲಿ ಬಿಟ್ಟರೆ ಬೆಳ್ಳಿ. 1638ರಲ್ಲಿ ಇದನ್ನು ಪುಸ್ತಕದಲ್ಲಿ ಬಳಸಿ ಜನಪ್ರಿಯಗೊಳಿಸಿದವನು ಪೆತ್ರಾ ಸಾಂಕ್ತಾ ಎಂಬ ಜೆಸ್ವಿಟ್ ಪಾದ್ರಿ.

ಈ ವಿದ್ಯೆಯನ್ನು ಬ್ರಿಟಿಷರು ನಮ್ಮ ಕಡೆಗೂ ಹೊತ್ತು ತಂದರು. 1877ರ ದೆಹಲಿ ದರ್ಬಾರಿಗಾಗಿ ರಾಬರ್ಟ್ ಟೇಲರ್ ಎಂಬ ಬಂಗಾಳ ಸಿವಿಲ್ ಸರ್ವಿಸಿನ ಅಧಿಕಾರಿ ಭಾರತದ ಪ್ರಮುಖ ಸಂಸ್ಥಾನಗಳಿಗೆ ಯುರೋಪಿನ ಮಾದರಿಯಲ್ಲಿ ಗುರಾಣಿ ಲಾಂಛನಗಳನ್ನು ರಚಿಸಿಕೊಟ್ಟ. ಗಂಡಭೇರುಂಡ ಅದಕ್ಕಿಂತ ಎಷ್ಟೋ ಶತಮಾನ ಹಳೆಯದು. ಆದರೆ ಇವತ್ತು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಅದು ಕೂತಿರುವ ಗುರಾಣಿಯೂ, ಎಡಬಲಕ್ಕೆ ಎರಡು ಪ್ರಾಣಿಗಳು ನಿಂತು ಅದನ್ನು ಹಿಡಿದಿರುವ ಭಂಗಿಯೂ ಯುರೋಪಿನ ಈ ಪದ್ಧತಿಯವು.

ಬಾಂದುಕಲ್ಲಿನ ಮೇಲಿನ ಕುಳ

ಹೊಲ ಉಳುವ ಹಳ್ಳಿಗರಿಗೆ ಗುರಾಣಿಯ ಕೆಲಸವೇ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಎರಡು: ಕಾಗದಕ್ಕೆ ಒತ್ತಲು ಮುದ್ರೆ, ಎಲ್ಲೆಗೆ ನೆಡಲು ಕಲ್ಲು.

ಮುದ್ರೆಯ ವಿಷಯದಲ್ಲಿ ಪಟ್ಟಣಗಳು ಮುಂದಿದ್ದವು. ಕೊಲೋನ್, ಟ್ರಿಯರ್‌ಗಳಿಗೆ 12ನೇ ಶತಮಾನದಲ್ಲೇ ಸ್ವಂತ ಮುದ್ರೆ ಇತ್ತು. ಹಳ್ಳಿಯವರು ಜಮೀನಿನ ವ್ಯಾಜ್ಯವನ್ನೋ ಕ್ರಯವನ್ನೋ ಬರೆಯಿಸಿದರೆ, ತಮಗೆ ಮುದ್ರೆ ಇಲ್ಲದ ಕಾರಣ ಇಂಥ ಒಡೆಯರನ್ನು ಬೇಡಿಕೊಂಡು ಅವರ ಮುದ್ರೆ ಒತ್ತಿಸಿದ್ದೇವೆ ಎಂಬ ಒಕ್ಕಣೆ ಪತ್ರದ ಕೊನೆಗೆ ಸೇರುತ್ತಿತ್ತು. ಊರ ಪಂಚಾಯಿತಿಯ ಕೋರ್ಟಿಗೆ ಸ್ವಂತ ಮುದ್ರೆ ಸಿಕ್ಕ ಕಡೆಗಳಲ್ಲಿ ಅದರ ಮೇಲೆ ಒಡೆಯನ ಚಿಹ್ನೆಯ ಜೊತೆಗೆ ನೇಗಿಲಿನ ಕುಳವೋ ಚರ್ಚಿನ ಸಂತನೋ ಕಾಣಿಸಿಕೊಂಡರು.

ಕಲ್ಲಿನ ಕಥೆ ಇನ್ನೂ ಚೆನ್ನಾಗಿದೆ. ಜರ್ಮನಿಯ ನೈರುತ್ಯಕ್ಕಿರುವ ವುರ್ಟೆಂಬೆರ್ಗ್ ಸೀಮೆಯ ಹಳ್ಳಿಗಳು ತಮ್ಮ ಬಾಂದುಕಲ್ಲುಗಳ ಮೇಲೆ ಒಂದೊಂದು ಗುರುತು ಕೊರೆಯುತ್ತಿದ್ದವು. ಓದು ಬಾರದವನಿಗೂ ಇದು ಯಾರ ಎಲ್ಲೆ ಎಂದು ತಿಳಿಯಬೇಕಲ್ಲ. ಕುದುರೆಯ ಲಾಳ, ನೇಗಿಲ ಕುಳ, ದ್ರಾಕ್ಷಿ ಬಳ್ಳಿ ಸವರುವ ಬಾಗುಗತ್ತಿ, ಶಿಲುಬೆ, ಬರೀ ಒಂದು ಅಕ್ಷರ. ಕಲ್ಲುಕುಟಿಗ ನಾಲ್ಕು ಏಟಿನಲ್ಲಿ ಮುಗಿಸುವಂಥವು. ಗುರಾಣಿಯೂ ಇಲ್ಲ, ಬಣ್ಣವೂ ಇಲ್ಲ. 1680ರ ದಶಕದಲ್ಲಿ ಆಂಡ್ರಿಯಾಸ್ ಕೀಸರ್ ಎಂಬ ಅಧಿಕಾರಿ ಡ್ಯೂಕನ ಕಾಡುಗಳ ಸರ್ವೆಗೆ ಹೊರಟು ಹಳ್ಳಿಹಳ್ಳಿಯ ನೋಟವನ್ನೂ ನಕ್ಷೆಯನ್ನೂ ಬರೆಸಿದಾಗ ಈ ಗುರುತುಗಳೂ ದಾಖಲಾದವು. ಎಷ್ಟೋ ಹಳ್ಳಿಗಳು 20ನೇ ಶತಮಾನದಲ್ಲಿ ಲಾಂಛನ ಮಾಡಿಸಿಕೊಳ್ಳುವಾಗ ಕೀಸರನ ದಫ್ತರವನ್ನೇ ಸಾಕ್ಷಿ ಇಟ್ಟುಕೊಂಡವು. ‘ಮಂಗಳೂರು ಸಮಾಚಾರ’ ತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇದೇ ವುರ್ಟೆಂಬೆರ್ಗ್ ಸೀಮೆಯ ಬ್ರಾಕೆನ್‌ಹೈಮಿನಲ್ಲಿ, 1811ರಲ್ಲಿ. ಅವನು ನೋಡಿ ಬೆಳೆದದ್ದೂ ಇಂಥ ಕಲ್ಲುಗಳಿದ್ದ ಹೊಲಗಳನ್ನೇ.

ಪಕ್ಕದ ಫ್ರಾಂಕೋನಿಯಾ ಸೀಮೆಯಲ್ಲಿ ಕಲ್ಲಿನ ಮೇಲಿನ ಗುರುತಿಗಿಂತ ಕೆಳಗಿನದು ಮುಖ್ಯ. ಅಲ್ಲಿ ಎಲ್ಲೆ ಕಾಯುವ ಪ್ರಮಾಣಬದ್ಧರು ಇದ್ದಾರೆ. ವಾಡಿಕೆಯಲ್ಲಿ ಏಳು ಜನ, ಹಾಗಾಗಿ ಅವರನ್ನು ‘ಏಳ್ವರು’ ಎಂಬರ್ಥದ ಜೀಬೆನರ್ ಎಂದೇ ಕರೆಯುತ್ತಾರೆ. ಕಲ್ಲು ನೆಡುವಾಗ ಜಮೀನಿನ ಮಾಲೀಕರನ್ನು ದೂರ ಕಳಿಸಿ, ಸುಟ್ಟ ಮಣ್ಣಿನ ಸಣ್ಣ ಬಿಲ್ಲೆಗಳನ್ನು ತಮಗೆ ಮಾತ್ರ ಗೊತ್ತಿರುವ ರೀತಿಯಲ್ಲಿ ಗುಂಡಿಯಲ್ಲಿ ಜೋಡಿಸಿ ಮೇಲೆ ಕಲ್ಲು ಕೂರಿಸುತ್ತಾರೆ. ಬಿಲ್ಲೆಗಳ ಮೇಲೆ ಊರಿನ ಹೆಸರೋ ಗುರುತೋ ಇರುವುದುಂಟು. ರಾತ್ರೋರಾತ್ರಿ ಯಾರಾದರೂ ಕಲ್ಲು ಸರಿಸಿ ಒಂದು ಗೇಣು ಒತ್ತುವರಿ ಮಾಡಿದರೆ ಏಳ್ವರು ಬಂದು ಅಗೆಯುತ್ತಾರೆ. ಜೋಡಣೆ ತಪ್ಪಿದ್ದರೆ ಕಳ್ಳ ಸಿಕ್ಕಿಬಿದ್ದ. ಆ ಗುಟ್ಟನ್ನು ಸಾಯುವ ತನಕ ಬಿಡುವುದಿಲ್ಲವೆಂದು ಅವರು ಆಣೆ ಮಾಡಿರುತ್ತಾರೆ. ಜಿಪಿಎಸ್ ಬಂದ ಮೇಲೂ ಬವೇರಿಯಾದ ಕಾನೂನಿನಲ್ಲಿ ಈ ಹುದ್ದೆ ಉಳಿದಿದೆ. ನನಗೆ ಕೇಳಿದರೆ ಹಳ್ಳಿಯ ಅಸಲಿ ಲಾಂಛನ ಆ ಮಣ್ಣಿನ ಬಿಲ್ಲೆಯೇ. ಯಾವ ದೊರೆಯೂ ಕೊಟ್ಟದ್ದಲ್ಲ, ಯಾರಿಗೂ ತೋರಿಸಲು ಮಾಡಿದ್ದಲ್ಲ.

ಬಿಯರ್ ಸಲಿಕೆ, ಕಾಫಿ ಪೊಟ್ಟಣ

ಕಲ್ಲಿನ ಮೇಲಿದ್ದದ್ದು ಬಣ್ಣದ ಗುರಾಣಿಯೊಳಗೆ ಬಂದದ್ದು 19ನೇ ಶತಮಾನದ ಕೊನೆಯಿಂದೀಚೆಗೆ. ಬಾಡೆನ್ ಸೀಮೆಯಲ್ಲಿ ಕಾರ್ಲ್ಸ್‌ರೂಹೆಯ ಸರ್ಕಾರಿ ಪತ್ರಾಗಾರದವರು ಹಳ್ಳಿ ಕಚೇರಿಗಳ ಹಳೆಯ ಮೊಹರುಗಳನ್ನು ಕೆದಕಿ, ಹೊಸ ಮೊಹರು ಮಾಡಿಸುವ ಊರುಗಳಿಗೆ ಚಿತ್ರ ಸಮೇತ ಸಲಹೆ ಕೊಡತೊಡಗಿದರು. ಅದೇ ಕಾಲಕ್ಕೆ ಮ್ಯೂನಿಕ್ ಬಳಿ ನೆಲೆಸಿದ್ದ ಒಟ್ಟೊ ಹುಪ್ ಎಂಬ ಚಿತ್ರಗಾರ ಈ ವಿಷಯಕ್ಕೆ ಜೀವನವನ್ನೇ ತೇಯ್ದ. 1859ರಲ್ಲಿ ಹುಟ್ಟಿದ ಇವನು ಅಕ್ಷರ ವಿನ್ಯಾಸಕನೂ ಹೌದು. ಸ್ಪಾಟೆನ್ ಬಿಯರಿನ ಬಾಟಲಿಯ ಮೇಲಿರುವ ಸಲಿಕೆಯ ಗುರುತು 1884ರಲ್ಲಿ ಇವನ ಕೈಯಿಂದ ಬಂದದ್ದು. ಜರ್ಮನಿಯ ಪಟ್ಟಣ, ಪೇಟೆ, ಹಳ್ಳಿಗಳ ಲಾಂಛನ ಮುದ್ರೆಗಳನ್ನೆಲ್ಲ ಸೇರಿಸಿ ಸಂಪುಟಗಳನ್ನು ಹೊರತರಲು ಹೊರಟ.

ವಿದ್ವತ್ತಿನ ಆ ಕೆಲಸವನ್ನು ಮನೆಮನೆಗೆ ಮುಟ್ಟಿಸಿದ್ದು ಒಂದು ಕಾಫಿ ಕಂಪನಿ. ಬ್ರೆಮೆನ್ ನಗರದ ಲುಡ್ವಿಗ್ ರೊಸೆಲಿಯಸ್ 1906ರಲ್ಲಿ ಕೆಫೀನ್ ತೆಗೆದ ಕಾಫಿ ಮಾರಲು ಕಾಫೆ ಹಾಗ್ ಎಂಬ ಸಂಸ್ಥೆ ಕಟ್ಟಿದ. ಕೆಫೀನ್ ಇಲ್ಲದ ಕಾಫಿಯನ್ನು ಚಿಕ್ಕಮಗಳೂರಿನವರು ಕಾಫಿ ಎಂದು ಒಪ್ಪುತ್ತಾರೋ ಇಲ್ಲವೋ, ಅವನ ವ್ಯಾಪಾರದ ಬುದ್ಧಿಯನ್ನಂತೂ ಒಪ್ಪಲೇಬೇಕು. ಗಿರಾಕಿಗಳಿಗೆ ಹುಪ್ ಬರೆದ ಊರ ಲಾಂಛನಗಳ ಬಣ್ಣದ ಚೀಟಿಗಳನ್ನು ಕೊಟ್ಟ, ಅಂಟಿಸಿಕೊಳ್ಳಲು ಆಲ್ಬಮ್ ಕೊಟ್ಟ. ಮಕ್ಕಳು ತಮ್ಮ ಊರಿನ ಚೀಟಿಗಾಗಿ ಹುಡುಕಿದರು. ಚೀಟಿಯಲ್ಲಿ ಪಕ್ಕದ ಊರಿದ್ದು ತಮ್ಮೂರು ಇಲ್ಲದಿದ್ದರೆ ಆಗುವ ಸಂಕಟವನ್ನು ಊಹಿಸಿಕೊಳ್ಳಿ. ಇವತ್ತಿಗೂ ಜರ್ಮನಿಯ ಲಾಂಛನ ಸಂಗ್ರಾಹಕರು ಈ ಕಾಫಿ ಆಲ್ಬಮ್‌ಗಳನ್ನು ತಿರುವಿಹಾಕುತ್ತಾರೆ.

ಎರಡನೇ ಮಹಾಯುದ್ಧದ ನಂತರ, ಅದರಲ್ಲೂ 1950ರಿಂದ 80ರವರೆಗೆ, ಲಾಂಛನವಿಲ್ಲದ ಹಳ್ಳಿಗಳು ಸಾಲುಗಟ್ಟಿ ಮಾಡಿಸಿಕೊಂಡವು. ಕ್ರಮ ಹೀಗೆ. ಊರ ಪರಿಷತ್ತು ತೀರ್ಮಾನ ಮಾಡುತ್ತದೆ. ಊರಿನ ಇತಿಹಾಸ ಬಲ್ಲ ಮೇಷ್ಟರೋ ಪಾದ್ರಿಯೋ ಕಲಾವಿದರೋ ಒಂದು ಕರಡು ತರುತ್ತಾರೆ. ಕರಡಿನಲ್ಲಿ ಸಾಮಾನ್ಯವಾಗಿ ಎಲ್ಲವೂ ಇರುತ್ತದೆ: ಚರ್ಚು, ಸೇತುವೆ, ಬೆಟ್ಟ, ನದಿ, ಗೋಧಿ ತೆನೆ, ಊರಿನ ಹೆಸರು, ಇಸವಿ. ಅದು ರಾಜ್ಯದ ಪತ್ರಾಗಾರಕ್ಕೆ ಹೋಗುತ್ತದೆ. ಅಲ್ಲಿಯ ಅಧಿಕಾರಿ ಮುಲಾಜಿಲ್ಲದೆ ಹೊಡೆದುಹಾಕುತ್ತಾರೆ: ಅಕ್ಷರ ಬೇಡ, ಇಸವಿ ಬೇಡ, ಫೋಟೊದಂಥ ಕಟ್ಟಡ ಬೇಡ, ಎರಡು ಮೂರು ಚಿಹ್ನೆಗಿಂತ ಹೆಚ್ಚು ಬೇಡ, ಇನ್ನೊಂದು ಊರಿನದನ್ನು ಹೋಲಬಾರದು. ಕೊನೆಗೆ ಮೇಲಿನ ಸರ್ಕಾರಿ ಅಧಿಕಾರಿಯ ಒಪ್ಪಿಗೆ.

ಹೀಗೆ ಸೋಸಿ ಉಳಿದದ್ದಕ್ಕೆ ಒಂದು ಪಾಕವಿಧಾನವೇ ತಯಾರಾಯಿತು: ಒಂದು ಭಾಗ ಹಳೆಯ ಒಡೆಯನ ಗುರುತು, ಇನ್ನೊಂದು ಭಾಗ ಚರ್ಚಿನ ಸಂತನ ಆಯುಧ, ಜಾಗ ಉಳಿದರೆ ಊರಿನ ಕಸುಬು. ಸಂತರನ್ನು ಅವರು ಅನುಭವಿಸಿದ ಹಿಂಸೆಯಿಂದಲೋ ಕೈಯಲ್ಲಿ ಹಿಡಿದ ವಸ್ತುವಿನಿಂದಲೋ ಗುರುತಿಸುವುದು ವಾಡಿಕೆ. ಕಬ್ಬಿಣದ ಜಾಲರಿ ಕಂಡರೆ ಅದರ ಮೇಲೆ ಸುಡಿಸಿಕೊಂಡ ಸಂತ ಲಾರೆನ್ಸ್. ಬೀಗದ ಕೈ ಪೀಟರನದು, ಬಾಣಗಳು ಸೆಬಾಸ್ಟಿಯನ್ನನವು, ಮೂರು ಚಿನ್ನದ ಗುಂಡುಗಳು ನಿಕೊಲಸನವು, ಕುರಿಗಾಹಿಯ ಕೋಲು ದನಕರು ಕಾಯುವ ವೆಂಡೆಲಿನ್‌ನದು. ಸುತ್ತಿಗೆ ಮತ್ತು ಚಾಣ ಅಡ್ಡಡ್ಡವಾಗಿದ್ದರೆ ಗಣಿ ಊರು. ರೂರ್ ಪ್ರದೇಶದ ಕೊನೆಯ ಕಲ್ಲಿದ್ದಲು ಗಣಿ 2018ರ ಡಿಸೆಂಬರಿನಲ್ಲಿ ಮುಚ್ಚಿತು. ಗುರಾಣಿಗಳ ಮೇಲಿನ ಸುತ್ತಿಗೆಗಳನ್ನು ಯಾರೂ ಇಳಿಸಿಲ್ಲ.

ಒಡೆಯನ ಭಾಗವೇ ಹೆಚ್ಚು ಮಾತಾಡುವುದು. ಕೆಂಪಿನ ಮೇಲೆ ಬಿಳಿ ಚಕ್ರ ಕಂಡರೆ ಆ ಊರು ಮೈನ್ಸ್ ಆರ್ಚ್‌ಬಿಷಪ್ಪನ ಆಡಳಿತದಲ್ಲಿತ್ತು ಎಂದು ತಿಳಿಯಬಹುದು. ಚಕ್ರಕ್ಕೊಂದು ದಂತಕಥೆ ಇದೆ: ವಿಲ್ಲಿಗಿಸ್ ಎಂಬ ಆರ್ಚ್‌ಬಿಷಪ್ ಗಾಲಿ ಮಾಡುವ ಬಡಗಿಯ ಮಗ, ಹಂಗಿಸಲು ಗೋಡೆಯ ಮೇಲೆ ಯಾರೋ ಚಕ್ರ ಬರೆದರು, ಅವನು ಅದನ್ನೇ ಲಾಂಛನ ಮಾಡಿಕೊಂಡ. ಕೇಳಲು ಸೊಗಸಾಗಿದೆ. ಆದರೆ ವಿಲ್ಲಿಗಿಸ್ ಸತ್ತದ್ದು 1011ರಲ್ಲಿ, ಲಾಂಛನಗಳ ಪದ್ಧತಿಯೇ ಹುಟ್ಟುವುದಕ್ಕೆ ನೂರು ವರ್ಷ ಮೊದಲು. ಚಿನ್ನದ ಮೇಲೆ ಮೂರು ಕಪ್ಪು ಜಿಂಕೆಗೊಂಬು ವುರ್ಟೆಂಬೆರ್ಗ್ ದೊರೆಗಳದು. ಬಿಳಿ ನೀಲಿ ಓರೆ ಚೌಕಳಿ ಬವೇರಿಯಾದ್ದು; ಅದೂ ಅವರ ಮೂಲಸ್ವತ್ತಲ್ಲ, 1242ರಲ್ಲಿ ಬೋಗೆನ್ ಕೌಂಟರ ವಂಶ ನಿಂತಾಗ ಆಸ್ತಿಯ ಜೊತೆ ವಿಟ್ಟೆಲ್ಸ್‌ಬಾಖ್ ಮನೆತನಕ್ಕೆ ಬಂದದ್ದು. ಇಂಥ ಏಳೆಂಟು ಗುರುತುಗಳನ್ನು ಕಲಿತರೆ ಸಾಕು, ಯಾವ ಹಳ್ಳಿಯ ಕಂದಾಯ ಯಾವ ಅರಮನೆಗೆ ಹೋಗುತ್ತಿತ್ತೆಂದು ಬಸ್ಸಿನಲ್ಲಿ ಕೂತೇ ಹೇಳಬಹುದು.

ನನ್ನ ತಕರಾರು ಇರುವುದೂ ಇಲ್ಲೇ. ಕೆಂಪಿನ ಅಂಚು ಬಿಳಿಗೆ ಹಲ್ಲುಹಲ್ಲಾಗಿ ಚುಚ್ಚುವ ‘ಫ್ರಾಂಕೋನಿಯಾದ ಕುಂಟೆ’ ಎಂಬ ಚಿಹ್ನೆ ವುರ್ಟ್ಸ್‌ಬುರ್ಗಿನ ಬಿಷಪ್-ದೊರೆಗಳದು. ಹೆಸರಿನಲ್ಲಿ ಕುಂಟೆ ಇದ್ದರೂ ರೈತರಿಗೂ ಅದಕ್ಕೂ ಸಂಬಂಧವಿಲ್ಲ. 1525ರ ಮೇ ತಿಂಗಳಲ್ಲಿ ಅದೇ ಬಿಷಪ್ಪನ ಮರಿಯೆನ್‌ಬೆರ್ಗ್ ಕೋಟೆಯನ್ನು ಫ್ರಾಂಕೋನಿಯಾದ ರೈತರು ಮುತ್ತಿಗೆ ಹಾಕಿದ್ದರು. ಜೀತ ಕೊನೆಯಾಗಲಿ, ಕಾಡು ಕೆರೆಗಳು ಊರಿಗೆ ಸಿಗಲಿ, ಪಾದ್ರಿಯನ್ನು ನಾವೇ ಆರಿಸುತ್ತೇವೆ ಎಂಬ ಬೇಡಿಕೆಗಳನ್ನು ಆ ವಸಂತದಲ್ಲಿ ಮೆಮ್ಮಿಂಗೆನ್ ಪಟ್ಟಣದಲ್ಲಿ ಹನ್ನೆರಡು ಅಂಶಗಳಾಗಿ ಬರೆದು ಅಚ್ಚು ಹಾಕಿಸಿದ್ದರು. ಆ ರೈತರಿಗೂ ಒಂದು ಗುರುತಿತ್ತು. ಸರದಾರರು ಲೋಹದ ಮುಳ್ಳಿನ ಬೂಟು ತೊಟ್ಟರೆ ರೈತರದು ದಾರ ಸುತ್ತಿ ಕಟ್ಟುವ ಚರ್ಮದ ಜೋಡು. ಬುಂಡ್‌ಶೂ ಎಂಬ ಆ ಜೋಡನ್ನೇ 1500ರ ಆಸುಪಾಸಿನ ಬಂಡಾಯಗಳಲ್ಲಿ ಬಾವುಟಕ್ಕೆ ಬರೆಸಿದ್ದರು. 1525ರ ಬೇಸಿಗೆಯಲ್ಲಿ ಒಡೆಯರ ಸೈನ್ಯಗಳು ರೈತರನ್ನು ಬಗ್ಗುಬಡಿದವು. ಸತ್ತವರ ಸಂಖ್ಯೆಯನ್ನು ಎಪ್ಪತ್ತು ಸಾವಿರದಿಂದ ಒಂದು ಲಕ್ಷದವರೆಗೆ ಅಂದಾಜು ಮಾಡುತ್ತಾರೆ.

ನಾಲ್ಕೂವರೆ ಶತಮಾನದ ಬಳಿಕ ಅದೇ ಹಳ್ಳಿಗಳಿಗೆ ಗುರಾಣಿ ಆರಿಸುವ ಸ್ವಾತಂತ್ರ್ಯ ಬಂದಾಗ ಅವು ಆರಿಸಿದ್ದು ಗೆದ್ದವರ ಕುಂಟೆ, ಚಕ್ರ, ಸಿಂಹಗಳನ್ನು. ಜೋಡು ಕಾಣುವುದು ಅಪರೂಪ. ಪತ್ರಾಗಾರದವರ ವಾದಕ್ಕೂ ತೂಕವಿದೆ: ದಾಖಲೆ ಇರುವುದು ಒಡೆಯರದ್ದು ಮಾತ್ರ, ರೈತರು ಮುದ್ರೆ ಬಿಟ್ಟುಹೋಗಿಲ್ಲ, ಇಲ್ಲದ್ದನ್ನು ಹುಟ್ಟಿಸಲಾಗದು. ಹಾಗೆಂದು ವುರ್ಟೆಂಬೆರ್ಗ್ ಸೀಮೆಯ ಲಾಳ, ಕುಳ, ಬಾಗುಗತ್ತಿಗಳು ಇವುಗಳ ಪಕ್ಕದಲ್ಲಿ ನಿಂತಾಗ ಯಾವುದು ಊರಿನದು, ಯಾವುದು ಊರಿನ ಮೇಲೆ ಒತ್ತಿದ ಮೊಹರು ಎಂದು ಹೇಳಲು ಪಂಡಿತರು ಬೇಕಾಗಿಲ್ಲ.

ಅಣುಮೊಟ್ಟೆ

ಒಡೆಯನನ್ನೂ ಸಂತನನ್ನೂ ದಾಟಿ ಇವತ್ತಿನದನ್ನು ಹಾಕಿಕೊಂಡ ಧೈರ್ಯಸ್ಥರೂ ಇದ್ದಾರೆ. ಮ್ಯೂನಿಕ್ ಉತ್ತರಕ್ಕಿರುವ ಗಾರ್ಕಿಂಗ್ 1950ರ ದಶಕದವರೆಗೆ ಆಲೂಗಡ್ಡೆ ಬೆಳೆಯುವ ಹಳ್ಳಿ. ಸೋತ ಜರ್ಮನಿಗೆ ಅಣು ಸಂಶೋಧನೆಯ ಮೇಲಿದ್ದ ನಿಷೇಧ 1955ರಲ್ಲಿ ತೆರವಾಯಿತು. ಭೌತವಿಜ್ಞಾನಿ ಹೈನ್ಸ್ ಮೈಯರ್-ಲೈಬ್ನಿಟ್ಸ್ ಮುಂದಾಳತ್ವದಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ ಅಮೆರಿಕದಿಂದ ಒಂದು ಸಂಶೋಧನಾ ರಿಯಾಕ್ಟರ್ ತರಿಸಿ ಗಾರ್ಕಿಂಗ್‌ನ ಹೊಲದಲ್ಲಿ ಕೂರಿಸಿತು. 1957ರ ಅಕ್ಟೋಬರ್ 31ರಂದು ಅದು ಚಾಲೂ ಆಯಿತು. ಜರ್ಮನಿಯ ಮೊತ್ತಮೊದಲ ಪರಮಾಣು ರಿಯಾಕ್ಟರ್. ವಾಸ್ತುಶಿಲ್ಪಿ ಗೆರ್ಹಾರ್ಡ್ ವೇಬರ್ ಕಟ್ಟಿದ ಅದರ ಗುಮ್ಮಟ ಸುಮಾರು ಮೂವತ್ತು ಮೀಟರ್ ಎತ್ತರ, ಹೊರಗೆ ಅಲ್ಯೂಮಿನಿಯಂ ಹೊದಿಕೆ. ಹೊಲದ ನಡುವೆ ಹೊಳೆಯುತ್ತ ನಿಂತ ಅದಕ್ಕೆ ಜನ ಇಟ್ಟ ಹೆಸರು ಅಣುಮೊಟ್ಟೆ.

1967ರಲ್ಲಿ ಗಾರ್ಕಿಂಗ್ ತನ್ನ ಲಾಂಛನ ಮಾಡಿಸಿಕೊಂಡಾಗ ಆ ಮೊಟ್ಟೆಯನ್ನೇ ಗುರಾಣಿಗೆ ಏರಿಸಿತು. ಸಾವಿರ ವರ್ಷದ ಹಳ್ಳಿಗೆ ಹತ್ತು ವರ್ಷದ ಚಿಹ್ನೆ. ಪರಮಾಣು ಎಂದರೆ ಭವಿಷ್ಯ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಆಮೇಲೆ ಚೆರ್ನೋಬಿಲ್ ಆಯಿತು, ಫುಕುಶಿಮಾ ಆಯಿತು, 2023ರ ಏಪ್ರಿಲಿನಲ್ಲಿ ಜರ್ಮನಿ ತನ್ನ ಕೊನೆಯ ಅಣುವಿದ್ಯುತ್ ಸ್ಥಾವರಗಳನ್ನು ಮುಚ್ಚಿತು. ಮೊಟ್ಟೆಯೊಳಗಿನ ರಿಯಾಕ್ಟರ್ 2000ನೇ ಇಸವಿಯಲ್ಲೇ ನಿಂತಿದೆ. ಪಕ್ಕದಲ್ಲಿ ಅದರ ಉತ್ತರಾಧಿಕಾರಿ ಬಂದಿದೆ. ಗುರಾಣಿಯ ಮೇಲಿನ ಮೊಟ್ಟೆ ಮಾತ್ರ ಅಲುಗಿಲ್ಲ. 1990ರಲ್ಲಿ ಗಾರ್ಕಿಂಗ್ ಪಟ್ಟಣವಾಯಿತು, ಯುರೋಪಿನ ದೊಡ್ಡ ಸಂಶೋಧನಾ ಕೇಂದ್ರಗಳಲ್ಲಿ ಒಂದಾಯಿತು. ಯು6 ಮೆಟ್ರೊ ಹತ್ತಿ ಅಲ್ಲಿ ಇಳಿಯುವ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಿಲ್ಲ. ನನ್ನ ಮಟ್ಟಿಗೆ ಜರ್ಮನಿಯ ಅತ್ಯಂತ ಪ್ರಾಮಾಣಿಕ ಊರ ಲಾಂಛನಗಳಲ್ಲಿ ಇದೊಂದು. ಈ ಊರು ಬೆಳೆದದ್ದು ಯಾವುದರಿಂದ ಎಂದು ಸುಳ್ಳಿಲ್ಲದೆ ಹೇಳುತ್ತದೆ.

ಹೆಲ್ಗೊಲ್ಯಾಂಡ್ ದ್ವೀಪದವರದ್ದು ಇನ್ನೂ ಸರಳ: ಹಸಿರು, ಕೆಂಪು, ಬಿಳಿ ಮೂರು ಪಟ್ಟಿ. ಹಸಿರು ನೆಲ, ಕೆಂಪು ಬಂಡೆ, ಬಿಳಿ ಮರಳು. ಡೆನ್ಮಾರ್ಕ್, ಬ್ರಿಟನ್, ಜರ್ಮನಿ ಮೂರು ದೇಶಗಳು ಆಳಿದ ದ್ವೀಪದ ಗುರಾಣಿಯಲ್ಲಿ ಯಾವ ದೊರೆಯೂ ಇಲ್ಲ.

ಗುರಾಣಿಯನ್ನು ಬಲವಂತವಾಗಿ ಬದಲಿಸಿದ್ದೂ ಉಂಟು. ಕೋಬುರ್ಗ್ ಪಟ್ಟಣದ ಲಾಂಛನದಲ್ಲಿರುವುದು ಅದರ ರಕ್ಷಕ ಸಂತ ಮೌರಿಸ್, ಕಪ್ಪು ಮೈಬಣ್ಣದ ಆಫ್ರಿಕನ್ನನ ತಲೆಯ ರೂಪದಲ್ಲಿ. ನಾತ್ಸಿಗಳಿಗೆ ಅದು ಕಣ್ಣಿಗೆ ಚುಚ್ಚಿತು. 1934ರಲ್ಲಿ ಅದನ್ನು ತೆಗೆಸಿ, ಹಿಡಿಯಲ್ಲಿ ಸ್ವಸ್ತಿಕವಿರುವ ಕತ್ತಿ ಹಾಕಿಸಿದರು. 1945ರಲ್ಲಿ ಹಳೆಯದು ವಾಪಸಾಯಿತು. 2020ರಲ್ಲಿ ಅದೇ ತಲೆಯನ್ನು ತೆಗೆಯಿರಿ ಎಂದು ಇನ್ನೊಂದು ಅರ್ಜಿ ಬಂತು. ಈ ಸಲದ ಕಾರಣ ತದ್ವಿರುದ್ಧ: ದಪ್ಪ ತುಟಿ, ಕಿವಿಯೋಲೆಯ ಆ ಚಿತ್ರಣವೇ ಕಪ್ಪು ಜನರನ್ನು ಅವಮಾನಿಸುತ್ತದೆ ಎಂಬ ದೂರು. ಸಂತನನ್ನು ಉಳಿಸಿಕೊಂಡು ಚಿತ್ರಣವನ್ನು ತಿದ್ದಬಾರದೇಕೆ ಎಂಬುದು ನನಗೆ ನ್ಯಾಯವಾದ ಪ್ರಶ್ನೆಯಾಗಿ ಕಾಣುತ್ತದೆ.

ಪೆಟ್ಟು ಹೆಚ್ಚಾಗಿ ಬಿದ್ದದ್ದು ಸಣ್ಣ ಹಳ್ಳಿಗಳಿಗೆ, ಅದೂ ಸದ್ದಿಲ್ಲದೆ. 1970ರ ದಶಕದಲ್ಲಿ ಪಶ್ಚಿಮ ಜರ್ಮನಿ ಖರ್ಚು ತಗ್ಗಿಸಲು ಹಳ್ಳಿಗಳನ್ನು ಒಟ್ಟುಗೂಡಿಸಿತು. ಬವೇರಿಯಾದಲ್ಲಿ ಏಳು ಸಾವಿರದಷ್ಟಿದ್ದ ಊರಾಡಳಿತಗಳು 1978ರ ಹೊತ್ತಿಗೆ ಎರಡು ಸಾವಿರ ಚಿಲ್ಲರೆಗೆ ಇಳಿದವು. ಕೂಡಿದ ಊರುಗಳ ಹೊಸ ಲಾಂಛನದಲ್ಲಿ ನಿಮ್ಮ ಕುಳ ಅರ್ಧ, ನಮ್ಮ ಚಕ್ರ ಅರ್ಧ ಎಂಬ ಚೌಕಾಸಿ ನಡೆಯಿತು. ಹತ್ತಾರು ಊರು ಸೇರಿದ ಕಡೆ ಚುಕ್ಕಿ, ಎಲೆಗಳನ್ನು ಎಣಿಸಿ ಇಟ್ಟರು. ಆಡಳಿತ ಕಳೆದುಕೊಂಡ ಹಳ್ಳಿ ತನ್ನ ಹಳೆಯ ಗುರುತನ್ನು ಸರ್ಕಾರಿ ಮೊಹರಿನಲ್ಲಿ ಒತ್ತುವಂತಿಲ್ಲ. ಆದರೆ ಅಗ್ನಿಶಾಮಕ ಸಂಘದ ಬಾಗಿಲ ಮೇಲೆ, ಫುಟ್‌ಬಾಲ್ ಕ್ಲಬ್ಬಿನ ಅಂಗಿಯ ಮೇಲೆ, ಊರಹಬ್ಬದ ಬಾವುಟದಲ್ಲಿ ಅದು ಮುಂದುವರಿದಿದೆ. ಪೂರ್ವ ಜರ್ಮನಿಯಲ್ಲಿ 1952ರಲ್ಲಿ ರಾಜ್ಯಗಳನ್ನೇ ರದ್ದು ಮಾಡಿದ್ದ ಕಾರಣ ಲಾಂಛನಗಳಿಗೆ ಬೆಲೆ ಇರಲಿಲ್ಲ. 1990ರ ಏಕೀಕರಣದ ಬಳಿಕ ಅಲ್ಲಿಯ ಹಳ್ಳಿಗಳು ಪೈಪೋಟಿಯಲ್ಲಿ ಮಾಡಿಸಿಕೊಂಡವು.

ಚಾಲ್ತಿಯಲ್ಲಿರುವ ಊರ ಲಾಂಛನಕ್ಕೆ ಜರ್ಮನ್ ಕಾನೂನು ಹೆಸರಿಗೆ ಕೊಡುವಷ್ಟೇ ರಕ್ಷಣೆ ಕೊಡುತ್ತದೆ. ಊರಿನ ಒಪ್ಪಿಗೆ ಇಲ್ಲದೆ ಅದನ್ನು ಬಟ್ಟಲ ಮೇಲೆ ಅಚ್ಚು ಹಾಕಿ ಮಾರಲು ಹೋದರೆ ನೋಟಿಸು ಬರಬಹುದು. ನೋಡಲು, ಓದಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. ಬವೇರಿಯಾದ ಸರ್ಕಾರಿ ಇತಿಹಾಸ ಸಂಸ್ಥೆ ‘ಹೌಸ್ ಡೆರ್ ಬಯೆರಿಶೆನ್ ಗೆಶಿಖ್ಟೆ’ ತನ್ನ ರಾಜ್ಯದ ಎಲ್ಲ ಊರುಗಳ ಲಾಂಛನವನ್ನೂ ಅದರ ವಿವರಣೆಯನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ನಿಮ್ಮ ಮಗಳೋ ತಮ್ಮನೋ ಓದಿಗೋ ಕೆಲಸಕ್ಕೋ ಅಲ್ಲಿಯ ಯಾವುದಾದರೂ ಊರಿನಲ್ಲಿದ್ದರೆ, ಊರಿನ ಹೆಸರು ಕೇಳಿಕೊಂಡು ಒಮ್ಮೆ ಹುಡುಕಿ. ಭಾಷೆ ಬಾರದಿದ್ದರೆ ಫೋನೇ ಅನುವಾದ ಮಾಡಿಕೊಡುತ್ತದೆ. ಗುರಾಣಿಯಲ್ಲಿ ಚಕ್ರವಿದೆಯೋ ಕುಳವಿದೆಯೋ ನೋಡಿ, ಅದು ಒಡೆಯನದೋ ಊರಿನದೋ ಎಂದು ಅವರನ್ನೇ ಕೇಳಿ. ಅವರೂ ಅಲ್ಲಿಯ ನೆರೆಯವರನ್ನು ವಿಚಾರಿಸಲಿ.